ಅಂತರಗಂಗೆ ಮುಚ್ಚಿದ ನೀರು

ಕರಿಗಲ್ಲೂರು
ಫೆಬ್ರವರಿ ೩೦, ೨೩೧೮

ಹಿತ್ತಲಲ್ಲಿ ಹೊಂಡವಿಟ್ಟುಕೊಂಡಿರುವ ಮುನ್ನೂರು ವರ್ಷ ಹಿಂದಿನವರಿಗೆ ಈರವ್ವನ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ಹಬ್ಬದ ಪಾಲಾಗುತ್ತವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಅರ್ಥವಾಗದಿದ್ದರೆ ಬಿಟ್ಟು ಮುಂದೆ ಓದಿ. ನನ್ನ ಗಂಡ ಜೀವಮಾನವೆಲ್ಲ ಹಾಗೆಯೇ ಸಂಸಾರ ಮಾಡಿದ.

ನಮ್ಮ ಓಣಿಯಲ್ಲಿ ಪ್ರತಿ ಮನೆಗೂ ಹಿತ್ತಲಲ್ಲಿ ಒಂದು ಹೊಂಡ. ಮಳೆನೀರು, ಬಚ್ಚಲ ನೀರು ಎರಡೂ ಅದಕ್ಕೇ. ಅದರ ಮೇಲೆ ಅಂತರಗಂಗೆ ಗಿಡ ಅಂಗೈಯಗಲದ ಕೋಸಿನಂತೆ ತೇಲುತ್ತದೆ. ನೆಲ ಬೇಡ, ಪಾತಿ ಬೇಡ, ಯಾರ ಹಂಗೂ ಬೇಡ. ತಾಯಿಗಿಡದ ಬುಡದಿಂದ ದಾರದಂಥ ಕುಡಿ ಹೊರಟು ತುದಿಯಲ್ಲಿ ಮರಿ ಕೂತಿರುತ್ತದೆ. ಅದು ಬಲಿಯುವ ಮೊದಲೇ ಅದಕ್ಕೊಂದು ಮರಿ. ಎತ್ತಿ ನೋಡಿದರೆ ಕೆಳಗೆ ಇಳಿಬಿದ್ದ ಬೇರು, ಬೇರಿನ ಸಂದಿಯಲ್ಲಿ ಅಡಗಿದ ಪುಟ್ಟ ಮೀನುಗಳು. ಎಲೆಯ ಮೇಲೆ ನೀರು ಸುರಿದರೂ ಒದ್ದೆಯಾಗುವುದಿಲ್ಲ. ಬಚ್ಚಲ ಕೊಳೆಯನ್ನೆಲ್ಲ ತಾನು ಹೀರಿಕೊಂಡು ನಮಗೆ ತಿಳಿನೀರು ಕೊಡುತ್ತದೆ. ಚಿಕ್ಕಂದಿನಿಂದ ನೋಡುತ್ತಿದ್ದೇನೆ, ಇವತ್ತಿಗೂ ನನ್ನ ಬೆರಗು ಕಡಿಮೆಯಾಗಿಲ್ಲ.

ಆದರೆ ಸಾಕು ಎನ್ನುವುದು ಆ ಗಿಡಕ್ಕೆ ಗೊತ್ತಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ಒಂದು ಬುಟ್ಟಿ ತೆಗೆದು, ಅರ್ಧ ನೀರನ್ನು ಗಿಡವಿಲ್ಲದೆ ಬಯಲಾಗಿಡಬೇಕು. ಆ ಬಯಲು ನೀರಿಗೆ ನಾವು ಹೊಂಡದ ಕಣ್ಣು ಎನ್ನುತ್ತೇವೆ. ಕಣ್ಣು ಮುಚ್ಚಿದರೆ ನೀರಿಗೆ ಉಸಿರಿಲ್ಲ, ಮೀನು ಸಾಯುತ್ತವೆ, ಸೊಳ್ಳೆ ಏಳುತ್ತವೆ. ಮೀನು ಸತ್ತ ಹೊಂಡಕ್ಕೆ ಓಣಿಯವರು ಮಣ್ಣು ತುಂಬಿಬಿಡುತ್ತಾರೆ. ಮತ್ತೆ ತೋಡಲು ಅಪ್ಪಣೆಯಿಲ್ಲ.

ಇಂಥ ಮನೆಗೆ ಸೊಸೆಯಾಗಿ ಬಂದಳು ಕಸ್ತೂರಿ. ಅವಳು ಹುಟ್ಟಿ ಬೆಳೆದದ್ದು ನೆಲಪೇಟೆಯಲ್ಲಿ, ಅಂದರೆ ಬಿಸಿಲಿಗೆ ಹೆದರಿ ನೆಲದ ಕೆಳಗೆ ಕಟ್ಟಿಕೊಂಡ ಊರಿನಲ್ಲಿ. ಹಸಿರೆಲೆಯನ್ನು ಮೊದಲು ಮುಟ್ಟಿದ್ದೇ ನಮ್ಮ ಹಿತ್ತಲಲ್ಲಿ. ಮುಟ್ಟಿ ಅತ್ತಳು. ಬುಟ್ಟಿ ಕೊಟ್ಟರೆ ಕೈ ಹಿಂದೆಗೆದಳು. “ಅತ್ತೀ, ಜೀವ ಐತ್ರಿ ಅದಕ್ಕ. ಹೆಂಗ ಕಿತ್ತು ಒಗೀಲ್ರಿ?” ನಾನು ತೆಗೆದದ್ದನ್ನು ನನ್ನ ಬೆನ್ನ ಹಿಂದೆಯೇ ಮತ್ತೆ ನೀರಿಗೆ ಬಿಡುತ್ತಿದ್ದಳು! ನಾನು ಸೊಂಟ ಹಿಡಿದು ಮಲಗಿದಾಗ ಕೇಳಬೇಕೇ? ಎದ್ದು ಬರುವಷ್ಟರಲ್ಲಿ ಹೊಂಡದ ತುಂಬ ಹಸಿರು ಚಾಪೆ. ಎಲೆಗಳ ಸಂದಿಯಲ್ಲಿ ಮೀನುಗಳು ಬಾಯಿ ಮೇಲೆ ಮಾಡಿ ಗುಟುಕು ಗುಟುಕಾಗಿ ಗಾಳಿ ಎಳೆಯುತ್ತಿದ್ದವು.

ಓಣಿಯ ಹಿರಿಯ ಶೇಖಪ್ಪ ಗೋಡೆಯಾಚೆಯಿಂದ ಇಣುಕಿ, “ಈರವ್ವಾ, ಒಂದ್ ಮೀನ ಸತ್ರೂ ನಾಳೆ ಮಣ್ಣ ಹಾಕೂದ. ಆಮ್ಯಾಲ ನನ್ನ ಬೈಬ್ಯಾಡ” ಎಂದು ಹೋದ. ಸೊಸೆಗೆ ಬಾಯಿಗೆ ಬಂದಂತೆ ಬೈದೆ. ಅವಳು ಬಗ್ಗಿ ಮೀನುಗಳ ಬಾಯಿಯನ್ನೇ ನೋಡಿದಳು, ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ಅಳುತ್ತ, ಗಿಡಗಳಿಗೆ “ತಪ್ಪಾತು, ತಪ್ಪಾತು” ಎನ್ನುತ್ತ, ತೋಳು ತುಂಬ ಬಾಚಿ ಬಾಚಿ ದಂಡೆಗೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಕಣ್ಣು ತೆರೆಯಿತು, ಮೀನುಗಳು ತಳಕ್ಕಿಳಿದವು. ಆ ಬಯಲು ನೀರಿನಲ್ಲಿ ಒಂದು ಮೋಡ ಹಾದುಹೋಯಿತು. ಇಷ್ಟು ದಿನ ಗಿಡವನ್ನೇ ನೋಡುತ್ತಿದ್ದವಳು ಆಗ ನೀರನ್ನು ನೋಡಿದಳು. “ಅತ್ತೀ, ಆಕಾಶ ಇದರಾಗೂ ಐತ್ರಿ!” ನಾನೂ ಅವಳ ಪಕ್ಕ ಬಗ್ಗಿ ನೋಡಿದೆ.

ಈಗ ವಿಷಯಕ್ಕೆ ಬರುತ್ತೇನೆ. ಊರಾಚೆ ನಮ್ಮದೊಂದು ದೊಡ್ಡ ಹಸಿರು ಬಯಲಿದೆ. ಅದನ್ನು ಕೆರೆ ಎನ್ನುತ್ತಾರೆ. ಅದರ ನೀರು ಕಂಡವರಿಲ್ಲ. ನಿಮ್ಮ ಕಾಲದವರು ಹಿತ್ತಲಲ್ಲಿ ಹೆಚ್ಚಾದ ಅಂತರಗಂಗೆಯನ್ನು ಕೈಯಾರೆ ಅಲ್ಲಿಗೆ ಎಸೆದರಂತೆ. ಪಾಪ, ಎಲ್ಲಾದರೂ ಬದುಕಿಕೊಳ್ಳಲಿ ಎಂದೇ ಎಸೆದಿರಬೇಕು. ನನ್ನ ಸೊಸೆಯನ್ನು ನೋಡಿದ ಮೇಲೆ ನಿಮ್ಮನ್ನು ಬೈಯಲು ಬಾಯಿ ಬರುತ್ತಿಲ್ಲ. ಈಗ ಕಸ್ತೂರಿ ಗಿಡ ತೆಗೆಯಲು ದಿನಾ ಬುಟ್ಟಿ ಹಿಡಿದು ಕೆರೆಗೆ ಹೋಗುತ್ತಾಳೆ. ಹುಚ್ಚಿ ಎಂದೆ, ಓಣಿಯೆಲ್ಲ ನಕ್ಕಿತು. ಮೊನ್ನೆ ಹೋಗಿ ನೋಡಿದರೆ, ದಂಡೆಯ ಹತ್ತಿರ ಒಂದು ಜಮಖಾನೆಯಷ್ಟು ನೀರು ಬಿಚ್ಚಿಕೊಂಡಿದೆ! ಶೇಖಪ್ಪ ಚಪ್ಪಲಿ ಕಳಚಿ ನಿಂತಿದ್ದ.

ನನ್ನದೊಂದು ಬೇಡಿಕೆ. ಹೆಚ್ಚಾದದ್ದನ್ನು ಬಿಸಿಲಿಗೆ ಹರವಿ ಒಣಗಿಸಿ, ತೆಂಗಿನ ಬುಡಕ್ಕೆ ಗೊಬ್ಬರ ಮಾಡಿ. ಕೆರೆಗಾಗಲಿ ಕಾಲುವೆಗಾಗಲಿ ಒಂದು ಕುಡಿಯನ್ನೂ ಬಿಡಬೇಡಿ, ನಿಮ್ಮ ದಮ್ಮಯ್ಯ. ಇನ್ನು ಕಸ್ತೂರಿಯದೊಂದು ಪ್ರಶ್ನೆ. ತಾನು ಇನ್ನೆಷ್ಟು ತೆಗೆಯಬೇಕೆಂದು ಅವಳಿಗೆ ಗೊತ್ತಾಗಬೇಕಂತೆ. ಹೇಳುವವರು ನಮ್ಮಲ್ಲಿ ಯಾರೂ ಉಳಿದಿಲ್ಲ. ನಿಮ್ಮ ಕಾಲದಲ್ಲಿ ಈ ದಂಡೆಯ ಮೇಲೆ ನಿಂತರೆ ನೀರು ಎಲ್ಲಿಯವರೆಗೆ ಕಾಣುತ್ತಿತ್ತು?