ಶುಭ ಶುಕ್ರವಾರದ ಒದ್ದೆ ಗೋಣಿ

ಬಾಯೂ ಸಿಪ್ರೆ, ಲೂಯಿಸಿಯಾನ
ಈಸ್ಟರ್ ಸೋಮವಾರ, ೨೦ ಏಪ್ರಿಲ್ ೧೯೮೭

ಪ್ರೀತಿಯ ಮಗ ಕ್ಲೋವಿಸನಿಗೆ ಅಮ್ಮ ಮಾಡುವ ಆಶೀರ್ವಾದ.

ಮೈ ಹೇಗಿದೆ ಮಗಾ? ಹಡಗುಕಟ್ಟೆಯ ಬೆಸುಗೆ ಕೆಲಸದಲ್ಲಿ ಕಣ್ಣು ಉರಿಯುತ್ತದೆ ಎಂದು ಕ್ರಿಸ್‌ಮಸ್ ಕಾರ್ಡಿನಲ್ಲಿ ಒಂದು ಸಾಲು ಗೀಚಿದ್ದೆ. ಆಮೇಲೆ ಆ ಕಣ್ಣು ಏನಾಯಿತು, ವೈದ್ಯರಿಗೆ ತೋರಿಸಿದೆಯೋ ಇಲ್ಲವೋ, ಒಂದು ಸುದ್ದಿಯಿಲ್ಲ. ನೀನಿರುವ ಬೋಮಂಟ್ ಇಲ್ಲಿಂದ ಎರಡೂವರೆ ಗಂಟೆಯ ದಾರಿ. ಚಂದ್ರನ ಮೇಲೆ ಹೋದವರೇ ತಿರುಗಿ ಬಂದರು, ನೀನು ಟೆಕ್ಸಸ್‌ನಿಂದ ಎರಡು ವರ್ಷವಾದರೂ ಬರಲಿಲ್ಲ. ಇರಲಿ, ಬೈಯುವುದಕ್ಕೆ ಕೂತಿಲ್ಲ. ನನ್ನ ಮೊಣಕಾಲು ಮಳೆ ಬರುವ ಮೊದಲು ನೋಯುತ್ತದೆ, ಮಳೆ ಬಂದ ಮೇಲೂ ನೋಯುತ್ತದೆ. ನಿಮ್ಮ ಯೂಲಾಲಿ ಅತ್ತೆ ಸಕ್ಕರೆ ಕಾಯಿಲೆ ಇಟ್ಟುಕೊಂಡು ಕದ್ದು ಮಿಠಾಯಿ ತಿನ್ನುತ್ತಾಳೆ. ಹಿಡಿದು ಕೇಳಿದರೆ “ನಲವತ್ತು ದಿನ ಉಪವಾಸ ಮಾಡಿಲ್ವೇನೇ, ದೇವರು ಲೆಕ್ಕ ಇಟ್ಟಿರ್ತಾನೆ” ಅನ್ನುತ್ತಾಳೆ. ತಮ್ಮನನ್ನು, ಅಂದರೆ ನಿಮ್ಮಪ್ಪನನ್ನು, ಕಳೆದುಕೊಂಡ ಮೇಲೆ ಅವಳ ಬಾಯಿ ಇನ್ನೂ ಜೋರಾಗಿದೆ.

ಸುದ್ದಿ ಏನೆಂದರೆ, ಈ ಶುಭ ಶುಕ್ರವಾರ ಹಿತ್ತಲಿನಲ್ಲಿ ದೊಡ್ಡ ಹಂಡೆ ಇಟ್ಟೆ. ಹೌದು, ನಿಮ್ಮಪ್ಪನ ಹಂಡೆಯೇ. ಎರಡು ವರ್ಷ ಬೋರಲು ಹಾಕಿ ಇಟ್ಟಿದ್ದೆ, ಒಳಗೆ ಕಣಜ ಗೂಡು ಕಟ್ಟಿತ್ತು. ನಿನ್ನ ಅಕ್ಕ ಹೂಸ್ಟನ್‌ನಿಂದ ಗಂಡ ಮಕ್ಕಳನ್ನು ಕಟ್ಟಿಕೊಂಡು ಬರುತ್ತೇನೆ ಅಂದಳು. ಬಂದವರಿಗೆ ಆ ದಿನ ಕೆಸರುಸಿಗಡಿ ಬೇಯಿಸಿ ಹಾಕದೆ ಡಬ್ಬಿಯ ಮೀನು ಕೊಟ್ಟರೆ ಊರು ನಗುತ್ತದೆ. ಒಕ್ತಾವ್ ಮಾಮನಿಗೆ ಒಂದು ಮೂಟೆ ತಂದುಕೊಡು, ಆದರೆ ಗದ್ದೆಯ ಹೊಂಡದಲ್ಲಿ ಸಾಕಿದ್ದೇ ಆಗಬೇಕು, ಕರಿಯ ಕೆರೆಯದ್ದು ಬೇಡ ಎಂದು ಮೂರು ಸಲ ಹೇಳಿದ್ದೆ. ನಮ್ಮ ಹಿರಿಯರ ಕಟ್ಟಳೆ ನಿನಗೆ ಗೊತ್ತು. ನೀರು ತಾನು ನುಂಗಿದವನನ್ನು ತಿರುಗಿ ಕೊಡುವವರೆಗೆ ಅವನ ಮನೆಯವರು ಆ ನೀರಿನದ್ದನ್ನು ಬಾಯಿಗಿಡಬಾರದು. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ತಳದ ಕೆಸರಿನಲ್ಲಿ ಬಿದ್ದಿದ್ದನ್ನೆಲ್ಲ ತಿಂದು ಬದುಕುವ ಪ್ರಾಣಿ ಅದು.

ಮೂಟೆ ಬಿಚ್ಚಿ ತೊಟ್ಟಿಗೆ ಸುರಿದು ನೀರು ಬಿಟ್ಟೆ. ಯೂಲಾಲಿ ಒಂದು ಡಬ್ಬಿ ಉಪ್ಪು ಹಿಡಿದುಕೊಂಡು ನಿಂತಿದ್ದಳು, ಉಪ್ಪುನೀರಿಗೆ ಹಾಕಿದರೆ ಸಿಗಡಿ ಹೊಟ್ಟೆಯ ಕೆಸರನ್ನೆಲ್ಲ ಕಕ್ಕುತ್ತದೆ ಅಂತ ಅವಳ ವಾದ. ನಿಮ್ಮಪ್ಪ ಇದಕ್ಕೆ ಯಾವಾಗಲೂ ನಗುತ್ತಿದ್ದರು. “ಅಕ್ಕಾ, ನಿನ್ನ ಬಾಯಿಗೆ ಉಪ್ಪು ಸುರಿದರೆ ನೀನೂ ಕಕ್ತೀಯ, ಹಂಗಂತ ಒಳಗೆಲ್ಲ ಚೊಕ್ಕ ಆಯ್ತಾ?” ಸರಿ, ನಾನು ತೊಟ್ಟಿಯಲ್ಲಿ ಕೈಯಾಡಿಸಿದೆ. ಹೊಂಡದ ಸಿಗಡಿ ತೊಳೆದರೆ ಬೂದು ಮಣ್ಣು ಬಿಡುತ್ತದೆ. ಇದು ಕಪ್ಪು ನೀರು ಬಿಟ್ಟಿತು, ಕಾಡಿಗೆ ಕಲಸಿದ ಹಾಗೆ, ಅದರ ಮೇಲೆ ಕರಿಯ ಕೆರೆಯ ಸೈಪ್ರೆಸ್ ಮರದ ಸಣ್ಣ ಸಣ್ಣ ಎಲೆ ತೇಲಿದವು. ನನ್ನ ಕೈ ಹಾಗೇ ನಿಂತಿತು. ತಲೆಯೆತ್ತಿ ನೋಡಿದರೆ ಒಕ್ತಾವ್ ಟೋಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. “ಹೊಂಡದ್ದೆಲ್ಲ ಮಾರಾಟ ಆಗೋಗಿತ್ತು ಎಲ್ಮೀರ್. ಸುಳ್ಳು ಹೇಳೋಣ ಅಂತಿದ್ದೆ, ನಿನ್ನ ಮುಖ ನೋಡಿ ಆಗಲಿಲ್ಲ. ಎಷ್ಟು ದಿನ ಅಂತ ಆ ನೀರಿನ ಮೇಲೆ ಮುನಿಸು ಇಟ್ಕೋತೀಯ?” ನಾನು ಮೂಟೆಯನ್ನೇ ಅವನ ತಲೆಯ ಮೇಲೆ ಸುರಿಯಬೇಕಿತ್ತು. ಸುರಿಯಲಿಲ್ಲ. ಕೋಪ ಬರುವುದಕ್ಕೂ ಶಕ್ತಿ ಬೇಕು ಮಗಾ, ನನ್ನಲ್ಲಿ ಉಳಿದಿರಲಿಲ್ಲ. ಬೇಯಿಸೋಣ ಎಂದೆ.

ಇನ್ನು ಬೇಯಿಸುವುದು ಹೇಗೆ ಎಂಬ ಜಗಳ. ನಿನ್ನ ಭಾವ ಡ್ವೈಟ್ ಗೊತ್ತಲ್ಲ, ಬರಿಯ ಉಪ್ಪುನೀರಿನಲ್ಲಿ ಕುದಿಸಿ, ಐಸ್ ಪೆಟ್ಟಿಗೆಗೆ ಸುರಿದು, ಮೇಲೆ ಖಾರದ ಪುಡಿ ಎರಚಿ ಮುಚ್ಚಿ ಕುಲುಕುವುದು ಅವನ ಪದ್ಧತಿ. ತಿಂದವರ ತುಟಿ ಉರಿಯುತ್ತದೆ, ಒಳಗಿನ ಮಾಂಸ ಸಪ್ಪೆ. ಒಕ್ತಾವ್‌ನದು ಬೇರೆ. ನೀರಿಗೇ ಮಸಾಲೆ ಹಾಕಿ ಕುದಿಸಿ, ಬೆಂಕಿ ಆರಿಸಿ, ಒಂದು ಚೀಲ ಐಸ್ ಸುರಿದು ನೆನೆಯಲು ಬಿಡುವುದು. ನೀರು ತಣಿದರೆ ಸಿಗಡಿ ಬೇಯುವುದನ್ನು ನಿಲ್ಲಿಸಿ ಖಾರ ಕುಡಿಯಲು ಶುರು ಮಾಡುತ್ತದೆ, ಕುಡಿದು ಭಾರವಾಗಿ ಮುಳುಗುತ್ತದೆ, ಅದು ಸರಿಯೇ. ಆದರೆ ಐಸ್ ಕರಗಿ ರುಚಿ ನೀರಾಗುತ್ತದೆ ಎಂದು ನಿಮ್ಮಪ್ಪ ಒಪ್ಪುತ್ತಿರಲಿಲ್ಲ. ಅವರದು ಗೋಣಿ. ಕುದಿ ಬಂದ ಮೇಲೆ ಮೂರೇ ನಿಮಿಷ, ಬೆಂಕಿ ಬಂದ್, ಬಾಯೂ ತೊರೆಯ ನೀರಿನಲ್ಲಿ ಅದ್ದಿದ ಗೋಣಿಯನ್ನು ಮಡಿಸಿ ಹಂಡೆಯ ಬಾಯಿಗೆ ಹೊದಿಸುವುದು, ಎಲ್ಲ ಮುಳುಗುವವರೆಗೆ ಯಾರೂ ತುಟಿಪಿಟಕ್ಕೆನ್ನಬಾರದು. ಮುಳುಗಿದ ಮೇಲೆ ಕಲಕುವ ಹುಟ್ಟಿನಿಂದ ಹಂಡೆಯ ಅಂಚಿಗೆ ಎರಡು ಸಲ ಬಡಿಯುತ್ತಿದ್ದರು, ಊಟಕ್ಕೆ ಬನ್ನಿ ಅಂತ. ಗೋಣಿ ಹೊದಿಸುವ ಕೆಲಸ ನೀನು ಏಳು ವರ್ಷದವನಿದ್ದಾಗಿನಿಂದ ನಿನ್ನದು. ಆಗ ನಿನ್ನ ಗಿಡ್ಡ ಕೈ ಆಚೆ ಬದಿಗೆ ಎಟುಕುತ್ತಿರಲಿಲ್ಲ ಅಂತ, ಒಂದು ಮೂಲೆಯನ್ನು ಎಡಗಡೆಯ ಹಿಡಿಕೆಯ ಕೆಳಗೆ ಸಿಕ್ಕಿಸುವ ಉಪಾಯ ನೀನೇ ಕಂಡುಕೊಂಡೆ. ಆರಡಿ ಬೆಳೆದ ಮೇಲೂ ಹಾಗೇ ಸಿಕ್ಕಿಸುತ್ತಿದ್ದೆ.

ಮಗಾ, ಎರಡು ವರ್ಷದ ಹಿಂದಿನ ಆ ಗುರುವಾರದ ಮಾತನ್ನು ನಾವಿಬ್ಬರೂ ಇಲ್ಲಿಯವರೆಗೆ ಎತ್ತಿಲ್ಲ. ಇವತ್ತು ಎತ್ತುತ್ತೇನೆ. ನೀನು ಡ್ವೈಟ್ ಜೊತೆ ಹೆದ್ದಾರಿಯಲ್ಲಿ ಅಂಗಡಿ ಹಾಕುತ್ತೇನೆ, ಪುಡಿ ಎರಚಿ ಮಾರುತ್ತೇನೆ ಅಂದೆ. ನಿಮ್ಮಪ್ಪ “ಮೈಗೆ ಬಣ್ಣ ಬಳಿದರೆ ಒಳಗೆ ರುಚಿ ಬರುತ್ತೇನೋ, ದಡ್ಡ” ಅಂದರು. ನೀನು “ಹಾಗಾದ್ರೆ ಆ ಗೋಣಿ ಕಟ್ಕೊಂಡು ನೀವೇ ಮುಳುಗಿಹೋಗಿ” ಅಂದುಬಿಟ್ಟೆ. ಅವರು ಮೊಳೆಯಿಂದ ಗೋಣಿ ತೆಗೆದು ಹೆಗಲಿಗೆ ಹಾಕಿಕೊಂಡು, ನಿನ್ನನ್ನು ಕರೆಯದೆ ಒಬ್ಬರೇ ದೋಣಿ ಹತ್ತಿದರು. ಸಂಜೆ ಕರಿಯ ಕೆರೆಯಲ್ಲಿ ಬೋರಲು ಬಿದ್ದ ದೋಣಿ ಮೊದಲು ಸಿಕ್ಕಿದ್ದು ನಿನಗೇ. ಅವರೂ ಸಿಗಲಿಲ್ಲ, ಗೋಣಿಯೂ ಸಿಗಲಿಲ್ಲ. ನೀನು ವಾರ ತುಂಬುವ ಮೊದಲೇ ಊರು ಬಿಟ್ಟೆ. ನಿನ್ನ ಮಾತೇ ಅವರನ್ನು ಮುಳುಗಿಸಿತು ಎಂದು ನಂಬಿ ಕೂತಿದ್ದೀಯ, ನನಗೆ ಗೊತ್ತು, ಹೆತ್ತವಳಲ್ಲವೇ. ಬಾಯಿ ಜಾರಿದ ಮಾತಿಗೆ ಮನುಷ್ಯರು ಮುಳುಗುವುದಾದರೆ ನಾನು ಬೈದ ಬೈಗುಳಕ್ಕೆ ನಿಮ್ಮಪ್ಪ ಮದುವೆಯಾದ ವರ್ಷವೇ ಹೋಗಬೇಕಿತ್ತು.

ಈ ಶುಕ್ರವಾರದ ಮಾತಿಗೆ ತಿರುಗಿ ಬರುತ್ತೇನೆ. ಒಲೆಯ ಕಾಲು ಅಲ್ಲಾಡುತ್ತದೆ ಎಂದು ಡ್ವೈಟ್ ಗುದ್ದಲಿ ತಂದು ನೆಲ ಅಗೆಯಲು ಹೊರಟ. ಯೂಲಾಲಿ ಕಿರುಚಿದ ಕಿರುಚಾಟಕ್ಕೆ ಬಾತುಕೋಳಿಗಳು ಹಾರಿಹೋದವು. “ಲೋ ಟೆಕ್ಸಸ್ಸಿನವನೇ, ಇವತ್ತು ನೆಲಕ್ಕೆ ಗುದ್ದಲಿ ಹಾಕಿದರೆ ರಕ್ತ ಬರುತ್ತೆ ಕಣೋ!” ಅವನು ನಗುತ್ತಾ ಗುದ್ದಲಿ ಕೆಳಗಿಟ್ಟ. ನಾನು ನಗಲಿಲ್ಲ. ಹಂಡೆಗೆ ನಿಂಬೆ, ಬೆಳ್ಳುಳ್ಳಿ, ಖಾರ, ಆಲೂಗಡ್ಡೆ, ಜೋಳ ಎಲ್ಲ ನಿಮ್ಮಪ್ಪನ ಅಳತೆಯಂತೆಯೇ ಹಾಕಿದೆ. ಸಿಗಡಿ ಸುರಿದೆ, ಮೂರು ನಿಮಿಷ ಕುದಿಸಿದೆ, ಬೆಂಕಿ ಆರಿಸಿದೆ. ಗೋಣಿ ಇಲ್ಲವಲ್ಲ, ಸ್ನಾನದ ಟವೆಲ್ ಒದ್ದೆ ಮಾಡಿ ಹೊದಿಸಿದೆ. ಹತ್ತು ನಿಮಿಷ ಬಿಟ್ಟು ಎತ್ತಿ ನೋಡಿದರೆ ಎಲ್ಲ ತೇಲುತ್ತಿವೆ. ಇಪ್ಪತ್ತು ನಿಮಿಷ, ಅರ್ಧ ಗಂಟೆ. ಒಂದೂ ಮುಳುಗಲಿಲ್ಲ. ಇಷ್ಟು ವರ್ಷದಲ್ಲಿ ಹಾಗೆ ನೋಡಿದ್ದಿಲ್ಲ ಮಗಾ. ಕೆಂಪು ಬೆನ್ನುಗಳು ಒಂದಕ್ಕೊಂದು ಒತ್ತಿಕೊಂಡು, ಕರಿಯ ಕಣ್ಣುಗಳೆಲ್ಲ ಮೇಲಕ್ಕೆ. ಯಾರನ್ನೋ ಕಾಯುತ್ತಿರುವ ಹಾಗೆ ಕಂಡವು. ಐಸ್ ಹಾಕು ಅಂದ ಒಕ್ತಾವ್, ಪೆಟ್ಟಿಗೆಗೆ ಸುರಿಯೋಣ ಅಂದ ಡ್ವೈಟ್. ಯಾರೂ ಮುಟ್ಟಬೇಡಿ ಎಂದೆ.

ಅಷ್ಟರಲ್ಲಿ ಯೇಸು ಪ್ರಾಣಬಿಟ್ಟ ಮೂರರ ಹೊತ್ತಾಯಿತು, ಪ್ರಾರ್ಥನೆಗೆ ಎಲ್ಲರೂ ಒಳಗೆ ಬಂದೆವು. ಮಕ್ಕಳೂ ಸೇರಿ ಒಂಬತ್ತು ಜನ. ಮೊಣಕಾಲು ನೋವೆಂದು ನಾನು ಹಿಂದೆ ಕುರ್ಚಿಯಲ್ಲಿ ಕೂತಿದ್ದೆ, ಮೊಣಕಾಲೂರಿದ ಉಳಿದ ಎಂಟೂ ತಲೆ ನನ್ನ ಕಣ್ಣಮುಂದೆಯೇ ಇದ್ದವು. ಮೌನದಲ್ಲಿ ಹಿತ್ತಲ ಕಡೆಯಿಂದ ಶಬ್ದ ಬಂತು. ಟಣ್. ಸ್ವಲ್ಪ ಬಿಟ್ಟು ಇನ್ನೊಂದು, ಟಣ್. ಒಬ್ಬರೂ ತಲೆಯೆತ್ತಲಿಲ್ಲ.

ಹೊರಗೆ ಹೋಗಿ ನೋಡಿದರೆ ನನ್ನ ಟವೆಲ್ ಬೇಲಿಯ ಮೇಲೆ ಅಚ್ಚುಕಟ್ಟಾಗಿ ಹರಡಿತ್ತು. ಹಂಡೆಯ ಮೇಲೆ ಒಂದು ಒದ್ದೆ ಗೋಣಿ, ಅಡ್ಡಲಾಗಿ ಹುಟ್ಟು. ಗೋಣಿ ಎತ್ತಿದೆ. ಎಲ್ಲ ಮುಳುಗಿದ್ದವು, ನೀರು ಅಲ್ಲಾಡದೆ ನಿಂತಿತ್ತು. ಒಕ್ತಾವ್ ಶಿಲುಬೆ ಗುರುತು ಮಾಡಿಕೊಂಡು ಗಾಡಿ ಹತ್ತಿ ಹೊರಟೇಹೋದ. ಪಕ್ಕದ ಮನೆಯವರು ಯಾರೋ ಸಹಾಯ ಮಾಡಿರಬೇಕು ಎಂದು ನಾನೇ ಎಲ್ಲರಿಗೂ ಹೇಳಿದೆ. ಪಕ್ಕದ ಮನೆ ಅರ್ಧ ಮೈಲಿ ದೂರ ಎಂದು ಯಾರೂ ನೆನಪಿಸಲಿಲ್ಲ. ಮೇಜಿಗೆ ಹಳೆಯ ಪೇಪರ್ ಹಾಸಿ ಸುರಿದೆ. ಯಾರೂ ಕೈ ಹಾಕದಿದ್ದಾಗ ನಾನೇ ಮೊದಲು ಒಂದನ್ನು ಮುರಿದೆ, ತಲೆಯ ರಸ ಹೀರಿದೆ. ಕಟ್ಟಳೆ ಮುರಿದೆ ಎಂದು ಹೆದರಿಕೆಯಾಯಿತು. ರುಚಿ ನಾಲಿಗೆಗೆ ಹತ್ತಿದ ಮೇಲೆ ಹೆದರಿಕೆ ಹೋಯಿತು, ಅಳು ಬಂತು. ಉಪ್ಪು, ಖಾರ, ಹುಳಿ, ಎಲ್ಲ ಅವರ ಕೈಯದ್ದೇ.

ಇದೇ ಸುದ್ದಿ. ನಿನ್ನ ಕೋಣೆಯ ಕಿಟಕಿಗೆ ಹೊಸ ಸೊಳ್ಳೆ ಪರದೆ ಹಾಕಿಸಿದ್ದೇನೆ. ಯೂಲಾಲಿ ಅತ್ತೆ ನಿನ್ನ ಕಿವಿ ಹಿಂಡಬೇಕಂತೆ, ಅದನ್ನು ಅವಳ ಪ್ರೀತಿ ಎಂದು ತಿಳಿ. ಕಣ್ಣಿಗೆ ಔಷಧಿ ಹಾಕಿಕೋ, ಭಾನುವಾರ ಪೂಜೆ ತಪ್ಪಿಸಬೇಡ. ದೇವಮಾತೆ ನಿನ್ನನ್ನು ದಾರಿಯಲ್ಲೂ ನೀರಲ್ಲೂ ಕಾಯಲಿ.

ನಿನ್ನನ್ನೇ ನೆನೆಯುವ ಅಮ್ಮ,
ಎಲ್ಮೀರ್

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಇದನ್ನು ಬೇರೆ ಯಾರಿಗೂ ಹೇಳಿಲ್ಲ. ಆ ಗೋಣಿಗೆ ನೀಲಿ ದಾರದ ತೇಪೆ ಇದೆ, ನಾನು ಹಾಕಿದ ತೇಪೆ. ಅಂದು ನಿಮ್ಮಪ್ಪನ ಹೆಗಲ ಮೇಲೆ ಹೋದ ಗೋಣಿ ಅದೇ. ಮೂಲೆಯನ್ನು ಎಡಗಡೆಯ ಹಿಡಿಕೆಯ ಕೆಳಗೆ ಸಿಕ್ಕಿಸಿತ್ತು. ದೋಣಿಯಲ್ಲಿ ಅದು ನಿನಗೆ ಸಿಕ್ಕಿ, ಇಷ್ಟು ದಿನ ಬಚ್ಚಿಟ್ಟುಕೊಂಡು, ಶುಕ್ರವಾರ ಬಂದವನು ನೀನೇ ಆಗಿದ್ದರೆ ಹೌದು ಅಂತ ಒಂದು ಸಾಲು ಬರೆ, ಒಳಗೆ ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ. ನೀನಲ್ಲದಿದ್ದರೆ ಬರೆಯುತ್ತಾ ಕೂರಬೇಡ, ಹೊರಟು ಬಾ. ನಿನ್ನ ಕೆಲಸವನ್ನು ಆ ಜೀವ ಎಷ್ಟು ದಿನ ಮಾಡಬೇಕು? ಗೋಣಿಯನ್ನು ಹಗ್ಗದ ಮೇಲೆ ಹಾಕಿ ಮೂರು ದಿನವಾಯಿತು, ರಣಬಿಸಿಲು. ಇನ್ನೂ ನೀರು ತೊಟ್ಟಿಕ್ಕುತ್ತಿದೆ.