ಜೊತೆಯವರನ್ನು ಹೊರಗೆ ಕೂಡಿಸಿ

ಬೆಟಗೇರಿ,
ಎರಡನೆಯ ಪಂಚಾಂಗದ ನೂರಾ ಎಂಟನೆಯ ವರ್ಷ,
ಹದಿಮೂರನೆಯ ತಿಂಗಳ ಮೂವತ್ತೆರಡನೆಯ ದಿನ

ಡಾಕ್ಟರ್ ಈರಣ್ಣ ಕಬಾಡರ ಅವರಿಗೆ,

ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಗೋಡೆಗಳಿಂದ. ಪದಗಳು ಅಲ್ಲಲ್ಲಿ ಬಿರುಸಾಗಿ ಕಂಡರೆ ಮನ್ನಿಸಬೇಕು. ಉಳಿದ ಯಾವುದಕ್ಕೂ ಕ್ಷಮೆ ಕೇಳುವ ಉದ್ದೇಶ ನನಗಿಲ್ಲ.

ನಾನು ಗೋಡೆಗಿವಿಯ ತಂತ್ರಜ್ಞ. ಹಳೆಯ ಗಾರೆ ತನ್ನೆದುರು ಆಡಿದ ಮಾತನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಪದರಪದರವಾಗಿ ಬಿಡಿಸಿ ಕೇಳಿಸುವ ಉಪಕರಣವೇ ಗೋಡೆಗಿವಿ. ಈ ತಿಂಗಳು ನಮಗೆ ಮಣ್ಣಿನಡಿಯಿಂದ ಸಿಕ್ಕದ್ದು ನಿಮ್ಮ ದವಾಖಾನೆ. ಪಡಸಾಲೆಯ ಗೋಡೆಯಲ್ಲಿ ಶಕುಂತಲಾ ಎಂಬ ಹೆಣ್ಣುಮಗಳು ಫೋನಿನಲ್ಲಿ ಅಕ್ಕನೊಡನೆ ಪಿಸುಗುಡುತ್ತಾಳೆ: "ಗುಳಿಗಿ ಒಂದಿನಾನೂ ತಪ್ಪಿಸಿಲ್ಲಕ್ಕಾ. ದಿನಾ ಮುಂಜಾನೆ ನಳದಾಗ ನೀರು ಬಂದ ಹೊತ್ತಿಗೇ ನುಂಗತೀನಿ. ನಮ್ಮತ್ತೀಗೆ ಗೊತ್ತಾದ್ರ ಮನಿ ಬಿಡಸ್ತಾಳ ನೋಡು. ಆಕಿಗೆ ಮುಂದಿನ ವರ್ಷನ ಮೊಮ್ಮಗ ಬೇಕು."

ಮುಂದಿನ ಮಾತಿನಿಂದ ತಿಳಿಯಿತು, ಅದು ಪ್ರೊಜೆಸ್ಟೋಜೆನ್ ಎಂಬ ಒಂದೇ ಹಾರ್ಮೋನಿನ ಗರ್ಭನಿರೋಧಕ ಗುಳಿಗೆ. ಮೊಲೆಯುಣಿಸುವ ತಾಯಿಗೆ ತಕ್ಕುದು, ದಿನವೂ ಒಂದೇ ಹೊತ್ತಿಗೆ ನುಂಗತಕ್ಕದ್ದು, ನಡುವೆ ಬಿಡುವಿಲ್ಲದ್ದು. ಹೆರಿಗೆ ಮಾಡಿಸಿದ ನರ್ಸ್ ಹೇಳಿಕೊಟ್ಟದ್ದನ್ನು ಆಕೆ ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಹೊಟ್ಟೆ ಕೊಯ್ದು ಹೆರಿಗೆಯಾದವಳು, ಈಗ ಕ್ಷಯ ಹಿಡಿದವಳು. ಇನ್ನೊಂದು ಬಸಿರನ್ನು ಆ ಮೈ ಈಗ ತಾಳಲಾರದೆಂದು ಆಕೆಗೆ ತಿಳಿದಿತ್ತು. ನಿಮಗೂ ತಿಳಿದಿರಬೇಕಿತ್ತು.

ನಿಮ್ಮ ಕೋಣೆಯ ಗೋಡೆಯನ್ನು ಕೇಳಿದ್ದು ಆಮೇಲೆ.

"ಬ್ಯಾರೆ ಏನರ ಗುಳಿಗಿ ತಗೋತೀಯೇನವಾ?" ಎಂದು ನೀವು ಕೇಳುತ್ತೀರಿ. ಉತ್ತರ ಬರುವುದು ಅತ್ತೆ ಬಸಲಿಂಗವ್ವನ ಬಾಯಿಂದ. "ಆಕಿ ಏನ್ ತಗೋತಾಳ್ರೀ ಸಾಹೇಬ್ರ! ಎರಡು ರೊಟ್ಟಿ ತಿನ್ನಾಕ ಅಳತಾಳ."

ನೀವು ನಗುತ್ತೀರಿ. "ಸೊಸಿ ಬಾಯಿಗೆ ಕೀಲಿ ಹಾಕೀರೇನಬೇ?"

"ಹಾಕಬೇಕಲ್ರೀ ಮತ್ತ! ಇಲ್ಲಂದ್ರ ಮನಿ ಉಳದೀತೇನು?"

ಇಬ್ಬರೂ ನಗುತ್ತೀರಿ. ಮೂರನೆಯ ನಗೆ, ನಾನು ಎಷ್ಟು ಹುಡುಕಿದರೂ, ಗಾರೆಯಲ್ಲಿ ಇಲ್ಲ. ಬಳಿಕ ನೀವು ಕ್ಷಯದ ಔಷಧ ಬರೆಯುತ್ತೀರಿ, ಅದರಲ್ಲಿ ರಿಫಾಂಪಿಸಿನ್ ಇದೆ. ಆ ಔಷಧ ಗರ್ಭನಿರೋಧಕ ಗುಳಿಗೆಯ ಬಲವನ್ನು ಯಕೃತ್ತಿನಲ್ಲೇ ಕರಗಿಸಿಬಿಡುತ್ತದೆ. ನಿಮಗಿದು ಗೊತ್ತು, ಗೊತ್ತಿದ್ದರಿಂದಲೇ ಪ್ರಶ್ನೆ ಕೇಳಿದಿರಿ. ಶಕುಂತಲೆಯ ಗಂಟಲನ್ನು ಪರೀಕ್ಷಿಸಿ, ಉತ್ತರವನ್ನು ಮಾತ್ರ ಇನ್ನೊಬ್ಬರ ಗಂಟಲಿನಿಂದ ತೆಗೆದುಕೊಂಡಿರಿ. ಇಂಥ ವೈದ್ಯಕ್ಕೆ ಪದವಿ ಕೊಡುತ್ತಿದ್ದ ನಿಮ್ಮ ಕಾಲವನ್ನು ನಮ್ಮ ಮಕ್ಕಳಿಗೆ ವಿವರಿಸುವುದು ಕಷ್ಟ, ಅವರು ನಂಬುವುದಿಲ್ಲ.

ನಮ್ಮಲ್ಲಿ ವೈದ್ಯರು ಕೂರುವುದು ಒಂಟಿಕೋಣೆಯಲ್ಲಿ. ಅದರ ಹೊಸ್ತಿಲು ತೂಕ ತಿಳಿಯುತ್ತದೆ. ಒಳಗೆ ಒಬ್ಬ ರೋಗಿಯಿದ್ದಾಗ ಇನ್ನೊಬ್ಬರು ಕಾಲಿಟ್ಟರೆ ಬಾಗಿಲು ಹಾಕಿಕೊಳ್ಳುವುದಿಲ್ಲ, ಬಾಗಿಲು ಹಾಕದೆ ವೈದ್ಯರು ಬಾಯಿ ತೆರೆಯುವುದಿಲ್ಲ. ರೋಗಿ ಬಯಸಿ ಕರೆದುಕೊಂಡರೆ ಮಾತು ಬೇರೆ. ಗಂಡ, ಅತ್ತೆ, ತವರಿನವರು ಜಗಲಿಯಲ್ಲಿ ಕುಳಿತು ಮಂಡಕ್ಕಿ ತಿನ್ನುತ್ತಾರೆ, ಬಿಸಿಲನ್ನು ಬಯ್ಯುತ್ತಾರೆ, ಹೊರಬಂದವರನ್ನು ಏನೂ ಕೇಳುವುದಿಲ್ಲ. ಕೇಳುವುದು ಊಟದ ಎಲೆಯ ಮೇಲೆ ಕಾಲಿಟ್ಟಷ್ಟು ಹೇಸಿಗೆಯ ನಡತೆ. ನನ್ನ ಮಗಳೂ ಇದೇ ಜಾತಿಯ ಗುಳಿಗೆ ನುಂಗುತ್ತಾಳೆ. ಇದು ನನಗೆ ತಿಳಿದಿರುವುದು ಆಕೆ ಹೇಳಿದ್ದರಿಂದ. ಹೇಳದಿದ್ದರೆ ತಿಳಿಯುತ್ತಿರಲಿಲ್ಲ, ಮತ್ತು ಅದರಿಂದ ನನ್ನ ಯಾವ ಮರ್ಯಾದೆಯೂ ಮುಕ್ಕಾಗುತ್ತಿರಲಿಲ್ಲ. ನಿಮ್ಮ ಕಾಲದ ಮರ್ಯಾದೆ ಹೆಣ್ಣುಮಕ್ಕಳು ಏನು ನುಂಗುತ್ತಾರೆ ಎಂಬುದರ ಮೇಲೆ ನಿಂತಿದ್ದುದನ್ನು ನೋಡಿದರೆ, ಅದು ಎಂಥ ಸವಕಲು ಸಾಮಾನೆಂದು ಅರ್ಥವಾಗುತ್ತದೆ.

ಮುಂದಿನ ಭೇಟಿಯ ಪದರ ಉದುರಿಹೋಗಿದೆ. ಶಕುಂತಲೆಗೆ ಏನಾಯಿತೋ ನನಗೆ ತಿಳಿಯದು. ಆದ್ದರಿಂದಲೇ, ಅಸಹ್ಯಪಟ್ಟುಕೊಂಡು, ನಿಮಗೆ ಬರೆಯುತ್ತಿದ್ದೇನೆ. ಗೋಡೆಗಿವಿಯನ್ನು ತಿರುಗಿಸಿಟ್ಟರೆ ಕಾಗದವೊಂದು ಅದೇ ಗೋಡೆಯ ಹಳೆಯ ದಿನಕ್ಕೆ ಹೋಗಿ ಬೀಳುತ್ತದೆ; ಇದು ನಿಮಗೆ ಆ ಮುಂದಿನ ಭೇಟಿಯ ಹಿಂದಿನ ದಿನ ಸಿಗುತ್ತದೆ. ನಾಳೆ, ನೀವೇ ಹೇಳಿಕಳಿಸಿದಂತೆ, ಆಕೆ ಔಷಧಕ್ಕೆ ಬರುತ್ತಾಳೆ, ಜೊತೆಗೆ ಅತ್ತೆಯೂ. ಬಸಲಿಂಗವ್ವನನ್ನು ಹೊರಗೆ ಕೂಡಿಸಿ. ಈ ಪತ್ರದ ಮಾತು ಅವರ ಕಿವಿಗೆ ಬೀಳಕೂಡದು, ನಿಮ್ಮ ಕಂಪೌಂಡರನ ಕಿವಿಗೂ. ಕ್ಷಯದ ಔಷಧವನ್ನು ಒಂದು ದಿನವೂ ನಿಲ್ಲಿಸಬಾರದೆಂದು ಶಕುಂತಲೆಗೆ ಹೇಳಿ. ಅದು ನಡೆಯುತ್ತಿರುವಷ್ಟು ದಿನ, ಮುಗಿದ ಮೇಲೆ ಇನ್ನೂ ಕೆಲವು ವಾರ, ಆ ಗುಳಿಗೆಯನ್ನು ನೆಚ್ಚಬಾರದೆಂದು ಹೇಳಿ. ಕಾಪರ್-ಟಿ ಇದೆ, ಮೂರು ತಿಂಗಳಿಗೊಮ್ಮೆ ಹಾಕುವ ಚುಚ್ಚುಮದ್ದಿದೆ. ಏನು ಬೇಕೆಂದು ಆಕೆ ಆರಿಸಲಿ. ಇಷ್ಟು ದಿನ ಕಾವಲಿಲ್ಲದೆ ಕಳೆದದ್ದರಿಂದ ಮೊದಲು ಬಸಿರಿನ ಪರೀಕ್ಷೆ ಮಾಡಿ.

ಆದರೆ ಎಲ್ಲಕ್ಕೂ ಮೊದಲು ಅದೇ ಪ್ರಶ್ನೆಯನ್ನು ಆಕೆಯನ್ನೇ ಕೇಳಿ. ಕೂಡಲೇ ಬಾಯಿ ಬಿಡಲಾರಳು. ಪೆನ್ನು ಕೆಳಗಿಡಿ, ತಮಾಷೆ ಮಾಡಬೇಡಿ, ಹೊರಗೆ ಎಷ್ಟು ಜನ ಕಾದಿದ್ದರೂ ಕಾಯಲಿ. ಆಕೆ ತಾನಾಗಿ ಮಾತಾಡುವವರೆಗೆ ಸುಮ್ಮನೆ ಕುಳಿತಿರಿ.

ದೇವೇಂದ್ರ ಹಾದಿಮನಿ