ಏರಿಯ ಮೇಲೆ ಹೆಣ್ಣು ನೋಡುವ ಶಾಸ್ತ್ರ

ಹೆಸರಘಟ್ಟ
೨೧-೨-೧೯೬೨

ಯಶವಂತಪುರದ ನಾರಾಯಣಮ್ಮನವರಿಗೆ ವೆಂಕಟಲಕ್ಷ್ಮಮ್ಮನ ನಮಸ್ಕಾರಗಳು.

ಕ್ಷಮೆ ಕೇಳಿ ಬರೆದ ನಿಮ್ಮ ಕಾಗದ ತಲುಪಿತು. ಅರ್ಕಾವತಿ ಕಣಿವೆಯಲ್ಲಿ ಕೊಕ್ಕರೆ ನೋಡಲು ನಮ್ಮ ಕೆರೆ ಏರಿಗಿಂತ ಒಳ್ಳೆಯ ಜಾಗವಿಲ್ಲ, ಒಪ್ಪುತ್ತೇನೆ. ಆದರೂ ಹೆಣ್ಣು ನೋಡಲು ಬಂದ ನಿಮ್ಮ ಮಗ, ನನ್ನ ಮೊಮ್ಮಗಳು ಸುಭದ್ರೆ ಕಾಫಿ ತರುವ ಹೊತ್ತಿಗೆ ದುರ್ಬೀನು ಹಿಡಿದು ಅಲ್ಲಿಗೆ ಹೋಗಿದ್ದು ನಮ್ಮ ಮನೆತನಕ್ಕಾದ ಅವಮಾನ. ತಾಯಿಯಿಲ್ಲದ ಹುಡುಗಿಯನ್ನು ಯಾರ ಮುಂದೆಯೂ ತಲೆ ತಗ್ಗಿಸದಂತೆ ಸಾಕಿದವಳು ನಾನು. ಈ ಸಂಬಂಧ ಬೇಡವೆಂದು ಬರೆಯಲು ಕೂತಿದ್ದೆ.

ಸುಭದ್ರೆ ಬಂದು ಕೈ ಹಿಡಿದಳು. ಆ ದಿನ ಹಿತ್ತಲ ಬಾಗಿಲಿನಿಂದ ಕಾಫಿಯನ್ನು ಅವಳೇ ಏರಿಗೆ ಒಯ್ದಿದ್ದಳಂತೆ!

"ಏನಂದ ಅವನು?" ಎಂದು ಗದರಿದೆ.

"'ಮೆಲ್ಲಗೆ ಬನ್ನಿ, ಮರಿ ಹೆದರ್ತವೆ' ಅಂದ್ರು ಅಜ್ಜಿ. ಕೊಕ್ಕರೆ ತನ್ ಮರಿಗಳಿಗೆ ನೆರಳಾಗ್ಲಿ ಅಂತ ರೆಕ್ಕೆ ಬಿಚ್ಕೊಂಡು ನಿಂತಿತ್ತು. ದುರ್ಬೀನು ನನ್ ಕೈಗೇ ಕೊಟ್ಬಿಟ್ರು. ಹೆಣ್ಣು ನಾನೇ ಅಂತ ಅವ್ರಿಗೆ ಗೊತ್ತಾಗೋ ಅಷ್ಟೊತ್ತಿಗೆ ಕಾಫಿ ತಣ್ಣಗಾಗಿತ್ತು."

ಮದುವೆ ಮಾತೆತ್ತಿದರೆ ಎದ್ದು ಹೋಗುತ್ತಿದ್ದ ಹುಡುಗಿ ನಗುತ್ತಾ ಇಷ್ಟು ಮಾತಾಡಿದ್ದು ಇದೇ ಮೊದಲು.

ಬರುವ ಭಾನುವಾರ ಇನ್ನೊಮ್ಮೆ ಬನ್ನಿ. ಶಾಸ್ತ್ರ ಏರಿಯ ಮೇಲೆಯೇ ಆಗಲಿ. ಬಿಸಿಲು ಜೋರಾಗಿದೆ, ಹುಡುಗನಿಗೆ ಟೋಪಿ ಹಾಕಿಸಿ. ಕಾಫಿ ಬಿಸಿಯಾಗಿರುವಾಗಲೇ ಕುಡಿಯಬೇಕೆಂದು ತಿಳಿಸಿ. ನಾವಿಬ್ಬರೂ ದೂರದ ಹೊಂಗೆಮರದ ಕೆಳಗೆ, ಅವರಿಗೆ ಬೆನ್ನು ಹಾಕಿ ಕೂರೋಣ.

ಇತಿ,
ವೆಂಕಟಲಕ್ಷ್ಮಮ್ಮ